ಉಪ್ಪಿನಕಾಯಿ ಜಾಡಿಯ ಫ್ಲಾಪಿಗಳು

ಮನೆಯಲ್ಲಿ ಕಂಪ್ಯೂಟರ್ ಇದೆ ಎಂದರೆ ಅಕ್ಕಪಕ್ಕದವರು ಚಪ್ಪಲಿ ಬಿಟ್ಟು ಒಳಗೆ ಬಂದು, ಕೈಕಟ್ಟಿ ನಿಂತು, ನೋಡಿ ಹೋಗುತ್ತಿದ್ದ ಕಾಲ ಅದು. ಎಂಬತ್ತರ ದಶಕ ಮುಗಿದು ತೊಂಬತ್ತು ಆಗಷ್ಟೇ ಕಾಲಿಟ್ಟಿತ್ತು. ಮುಂಬೈಯ ಮಾಟುಂಗದ ನಮ್ಮ ಹಳೆಯ ಬಿಲ್ಡಿಂಗಿನಲ್ಲಿ ಟೀವಿ ಇದ್ದ ಮನೆಗಳು ಹಲವು, ಫೋನ್ ಇದ್ದದ್ದು ಎರಡು ಮನೆಯಲ್ಲಿ, ಕಂಪ್ಯೂಟರ್ ಇದ್ದದ್ದು ಒಂದೇ ಮನೆಯಲ್ಲಿ. ಆ ಮನೆ ನಮ್ಮದು.

ಆ ಬೇಸಿಗೆಯ ಕಥೆಯನ್ನು ನಮ್ಮವರೆಲ್ಲ ಇವತ್ತಿಗೂ ನಗುನಗುತ್ತಾ ಹೇಳುತ್ತಾರೆ. ಮದುವೆ ಮನೆಯ ಪಂಕ್ತಿಯಲ್ಲಿ ಉಪ್ಪಿನಕಾಯಿ ಬಡಿಸುವವನು ಬಂದರೆ ಸಾಕು, ಯಾರಾದರೊಬ್ಬರು ಶುರು ಮಾಡುತ್ತಾರೆ. ನಾನೂ ಎಷ್ಟೋ ಸಲ ಹೇಳಿ ನಗಿಸಿದ್ದೇನೆ. ಆದರೆ ಆ ಕಥೆಯಲ್ಲಿ ಒಂದು ಸುಳ್ಳಿದೆ, ಅದನ್ನು ಸೇರಿಸಿದವನು ನಾನು. ಹತ್ತನೇ ತರಗತಿಗೆ ಓದು ನಿಲ್ಲಿಸಿ, ದಾದರಿನ ಬಟ್ಟೆ ಅಂಗಡಿಯಲ್ಲಿ ಥಾನು ಬಿಚ್ಚುತ್ತಾ ಮಡಚುತ್ತಾ ತಲೆ ಬೆಳ್ಳಗಾದವನು ನಾನು. ಬರೆದು ಅಭ್ಯಾಸವಿಲ್ಲ. ಆದರೂ ಇದನ್ನು ಬರೆದು ಮುಗಿಸಬೇಕು.

ಕಂಪ್ಯೂಟರ್ ತಂದವನು ನಾಗು ಚಿಕ್ಕಪ್ಪ, ಅಪ್ಪನ ತಮ್ಮ. ಅವನು ಫೋರ್ಟಿನ ಒಂದು ಆಫೀಸಿನಲ್ಲಿ ಟೈಪಿಸ್ಟ್. ಬೆಳಿಗ್ಗೆ ಮೊಸರನ್ನದ ಡಬ್ಬಿ ಹಿಡಿದು ಲೋಕಲ್ ರೈಲು ಹತ್ತುವುದು, ಸಂಜೆ ಬೆರಳ ನೆಟಿಗೆ ಮುರಿಯುತ್ತಾ ಇಳಿಯುವುದು, ಇಷ್ಟೇ ಅವನ ದಿನ. ಆ ವರ್ಷ ಅವನ ಆಫೀಸಿಗೆ ಕಂಪ್ಯೂಟರುಗಳು ಬರುತ್ತವೆ ಎಂದು ಸುದ್ದಿಯಾಯಿತು. ಹನ್ನೊಂದು ಜನ ಟೈಪಿಸ್ಟುಗಳಲ್ಲಿ ಒಬ್ಬನನ್ನು ಮಾತ್ರ ಕಂಪ್ಯೂಟರ್ ವಿಭಾಗಕ್ಕೆ ತೆಗೆದುಕೊಳ್ಳುತ್ತಾರಂತೆ, ಉಳಿದವರನ್ನು ಗೋಡೌನಿಗೋ ಇನ್ನೆಲ್ಲಿಗೋ ಹಾಕುತ್ತಾರಂತೆ. ಚಿಕ್ಕಪ್ಪ ಸಂಜೆಯ ಕ್ಲಾಸಿಗೆ ಸೇರಿ ಕಲಿತ. ಬಾಂದ್ರಾದ ಯಾವುದೋ ಆಫೀಸಿನವರು ಹೊಸದು ತಂದು ಹಳೆಯದನ್ನು ತೆಗೆದುಹಾಕಿದಾಗ, ಆ ಹಳೆಯದನ್ನು ಟ್ಯಾಕ್ಸಿಯಲ್ಲಿ ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದ.

ಅದರ ಮುಂಭಾಗದಲ್ಲಿ ಎರಡು ಸೀಳುಬಾಯಿಗಳು, ಒಂದರ ಕೆಳಗೊಂದು. ನೆನಪೆಲ್ಲ ಫ್ಲಾಪಿಯಲ್ಲಿ. ಅಂಗೈಗಿಂತ ತುಸು ದೊಡ್ಡದಾದ ತೆಳು ಕಪ್ಪು ಚೌಕ ಅದು, ಬೀಸಿದರೆ ಬಳುಕುತ್ತಿತ್ತು. ಚಿಕ್ಕಪ್ಪ ಅದರಲ್ಲಿ ಆಫೀಸಿನ ಇನ್ನೂರು ಜನರ ರಜೆಯ ಪಟ್ಟಿ ಮಾಡಿದ್ದ. ಹೆಸರು ಒತ್ತಿದರೆ ಸಾಕು, ಯಾರು ಎಷ್ಟು ರಜೆ ತೆಗೆದುಕೊಂಡರು, ಯಾರಿಗೆ ಎಷ್ಟು ಸಲ ಜ್ವರ ಬಂತು, ಎಲ್ಲ ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ಬರುತ್ತಿತ್ತು. ಜೂನ್ ಮೊದಲ ಸೋಮವಾರ ಅದನ್ನು ಮ್ಯಾನೇಜರಿಗೆ ತೋರಿಸಬೇಕು. ಅವರಿಗೆ ಹಿಡಿಸಿದರೆ ಕಂಪ್ಯೂಟರ್ ವಿಭಾಗ, ಇಲ್ಲದಿದ್ದರೆ ಗೋಡೌನು.

"ಧೂಳು ಬೀಳಬಾರದು, ತೇವ ಆಗಬಾರದು, ಎಲ್ಲಕ್ಕಿಂತ ಮುಖ್ಯ ವೈರಸ್ ಬರಬಾರದು," ಎಂದು ಅವನು ಮೊದಲ ದಿನವೇ ಸಾರಿದ.

ಅಜ್ಜಿ ಮೆಂತ್ಯ ಹುರಿಯುತ್ತಿದ್ದಳು. "ಏನೋ ಅದು ವೈರಸ್ಸು? ನೆಗಡಿ ತರೋದೇ ತಾನೆ?"

"ಹಾಗೇ ಅನ್ಕೋಮ್ಮ. ಬೇರೆಯವರ ಫ್ಲಾಪಿ ನಮ್ಮದಕ್ಕೆ ಹಾಕಿದ್ರೆ ಅಂಟಿಕೊಳ್ಳತ್ತೆ. ಒಂದಕ್ಕೆ ಅಂಟಿದ್ರೆ ಎಲ್ಲಕ್ಕೂ."

"ಒದ್ದೆ ಚಮಚ ಹಾಕಿದ ಉಪ್ಪಿನಕಾಯಿ ಥರ," ಎಂದಳು ಅಜ್ಜಿ.

ಚಿಕ್ಕಪ್ಪ ಜೋರಾಗಿ ನಕ್ಕ. ಆಮೇಲೆ, "ಅಮ್ಮ, ನಮ್ಮ ಕ್ಲಾಸಿನ ಮೇಷ್ಟ್ರು ಒಂದು ಗಂಟೆ ಹೇಳಿದ್ದನ್ನ ನೀನು ಒಂದೇ ಮಾತಲ್ಲಿ ಹೇಳಿದೆಯಲ್ಲೇ," ಎಂದ.

"ಪರದೇಶದಲ್ಲಿ ಟೆಲಿಫೋನ್ ತಂತಿಯೊಳಗಿಂದ ಕಳ್ಳರೂ ನುಗ್ತಾರಂತೆ," ಎಂದು ನಾನು ಪೇಪರಿನಲ್ಲಿ ಓದಿದ್ದನ್ನು ಸೇರಿಸಿದೆ.

"ನಮ್ಮನೇಲಿ ಫೋನೇ ಇಲ್ಲವಲ್ಲ, ಅಷ್ಟರಮಟ್ಟಿಗೆ ಪುಣ್ಯ," ಎಂದಳು ಅಜ್ಜಿ.

ಅಜ್ಜಿಯ ಉಪ್ಪಿನಕಾಯಿಯ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಮೇ ತಿಂಗಳಲ್ಲಿ ನಮ್ಮ ಎರಡು ಕೋಣೆಯ ಮನೆ ಮಾವಿನಕಾಯಿಯದ್ದಾಗುತ್ತಿತ್ತು. ಮಾರ್ಕೆಟಿನಲ್ಲಿ ಒಂದೊಂದನ್ನೇ ಮೂಗಿಗೆ ಹಿಡಿದು ಆರಿಸಿ, ಅಲ್ಲೇ ಹೋಳು ಮಾಡಿಸಿ ತರುವುದು. ಹೋಳುಗಳನ್ನು ಅಪ್ಪನ ಹಳೆಯ ಪಂಚೆಯ ಮೇಲೆ ಫ್ಯಾನಿನ ಕೆಳಗೆ ಹರಡಿದರೆ ನಾವೆಲ್ಲ ಗೋಡೆಗೆ ಒತ್ತಿಕೊಂಡು ಓಡಾಡಬೇಕು. ಸಾಸಿವೆ ಪುಡಿಯ ಘಾಟು, ಇಂಗು, ಕಾಸಿ ಆರಿಸಿದ ಎಣ್ಣೆ. ಕೆಳಗಿನ ಮಹಡಿಯಲ್ಲಿ ನಾವೆಲ್ಲ 'ಬಾ' ಎಂದು ಕರೆಯುತ್ತಿದ್ದ ಗುಜರಾತಿ ಅಜ್ಜಿ ಕೂಡ ಮೂಗು ಅರಳಿಸಿ, "ಆಜ್ ಡಾಲಾ ಕ್ಯಾ?" ಇವತ್ತು ಉಪ್ಪಿನಕಾಯಿ ಹಾಕಿದಿರಾ ಎಂದು ಮೆಟ್ಟಿಲಿನಿಂದಲೇ ಕೂಗುತ್ತಿದ್ದರು.

ದೊಡ್ಡ ಜಾಡಿಗೆ ಅಜ್ಜಿಯದೇ ಕಾನೂನು. ವಾರಕ್ಕೊಮ್ಮೆ ಅವಳೇ ಬಾಯಿಬಟ್ಟೆ ಬಿಚ್ಚಬೇಕು. ಒಣಗಿದ ಸೌಟಿನಲ್ಲಿ ಅಷ್ಟನ್ನು ಸಣ್ಣ ಜಾಡಿಗೆ ಇಳಿಸಬೇಕು. ದಿನಾ ಬಳಸುವುದು ಸಣ್ಣದನ್ನು ಮಾತ್ರ. ಸಣ್ಣದರಲ್ಲಿ ಎಷ್ಟೇ ಉಳಿದರೂ ದೊಡ್ಡದಕ್ಕೆ ಸುರಿಯುವಂತಿಲ್ಲ. "ಜಾಡಿಯಿಂದ ಹೊರಗೆ ಬಂದದ್ದು ಮತ್ತೆ ಜಾಡಿಗೆ ಹೋಗಬಾರದು," ಎನ್ನುತ್ತಿದ್ದಳು. ಮುಂಬೈಯ ಮಳೆಗಾಲದಲ್ಲಿ ಚಪ್ಪಲಿಗೆ, ಬೆಲ್ಟಿಗೆ, ಗೋಡೆಯ ಕ್ಯಾಲೆಂಡರಿಗೆ ಕೂಡ ಬೂಸ್ಟು ಬರುತ್ತಿತ್ತು. ಅಜ್ಜಿಯ ಜಾಡಿಗೆ ಬರಲಿಲ್ಲ, ಒಂದು ವರ್ಷವೂ.

ಇದೇ ಕಾನೂನನ್ನು ಚಿಕ್ಕಪ್ಪ ಫ್ಲಾಪಿಗೆ ತಂದ. ರಜೆಯ ಪಟ್ಟಿ ಪೂರ್ತಿಯಾದಾಗ ಅದರ ಮೂಲ ಪ್ರತಿಗೆ 'ತಾಯಿ' ಎಂದು ಹೆಸರಿಟ್ಟ. ಅದರ ಅಂಚಿನ ಕಚ್ಚಿಗೆ ಬೆಳ್ಳಿ ಬಣ್ಣದ ಸಣ್ಣ ಚೀಟಿ ಅಂಟಿಸಿದ. ಆ ಚೀಟಿ ಇರುವವರೆಗೆ ಕಂಪ್ಯೂಟರ್ ಅದರಿಂದ ಓದಬಲ್ಲದು, ಅದರ ಮೇಲೆ ಬರೆಯಲಾರದು. "ಇದು ಬಾಯಿಬಟ್ಟೆ," ಎಂದು ಅಜ್ಜಿಗೆ ತೋರಿಸಿದ. ದಿನಾ ಅಭ್ಯಾಸ ಮಾಡುವುದಕ್ಕೆ ಇನ್ನೊಂದು ಪ್ರತಿ, ಅದು 'ಕೂಸು'. ಯಂತ್ರ ಶುರುಮಾಡುವ ಫ್ಲಾಪಿಯೂ ಬೇರೆ, ಅದು ಮೇಜಿನ ಡ್ರಾಯರಿನಲ್ಲಿ.

"ತಾಯಿನ ಎಲ್ಲಿಡ್ತೀಯ? ಮಳೆ ಬಂದ್ರೆ ಕಪಾಟಿನ ಒಳಗೂ ತೇವ," ಎಂದು ಅಜ್ಜಿ ಕೇಳಿದಳು. ಅವಳೇ ಉತ್ತರವನ್ನೂ ಕೊಟ್ಟಳು. ಅವಳ ಹತ್ತಿರ ಅಂಚು ಬಿರುಕು ಬಿಟ್ಟು, ಬಳಕೆ ತಪ್ಪಿದ ಅಗಲ ಬಾಯಿಯ ಇನ್ನೊಂದು ಜಾಡಿ ಇತ್ತು. ಅದನ್ನು ಸೀಗೆಪುಡಿ ಹಾಕಿ ತೊಳೆದು, ಮೂರು ದಿನ ಗ್ಯಾಲರಿಯ ಬಿಸಿಲಿನಲ್ಲಿ ಕವುಚಿಟ್ಟು, ಒಳಗೆ ಹುರಿದ ಅಕ್ಕಿಯ ಗಂಟು ಇಟ್ಟು, ತಾಯಿ ಫ್ಲಾಪಿಯನ್ನು ಇಳಿಸಿ, ಬಿಳಿ ಬಟ್ಟೆಯಿಂದ ಬಾಯಿ ಕಟ್ಟಿದಳು. ಹೊಸ ಉಪ್ಪಿನಕಾಯಿಯ ಜಾಡಿ, ಫ್ಲಾಪಿಯ ಜಾಡಿ, ಎರಡೂ ಅಡಿಗೆಮನೆಯ ಮೂಲೆಯಲ್ಲಿ ಅಕ್ಕತಂಗಿಯರ ಹಾಗೆ ಕೂತವು.

ನಾನು ಹತ್ತನೆಯ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದೆ. ಗಣಿತದ ಪೇಪರಿನ ಗತಿ ನನಗೊಬ್ಬನಿಗೇ ಗೊತ್ತಿತ್ತು. ಆ ಭಯವನ್ನು ಮರೆಯಲು ಇಡೀ ದಿನ ನೀಲೇಶನ ಜೊತೆ. ಅವನು ಕೆಳಗಿನ ಮನೆಯ ಬಾ ಅವರ ಮೊಮ್ಮಗ. ಗಲ್ಲಿಯಲ್ಲಿ ಕ್ರಿಕೆಟ್, ಬಿಸಿಲೇರಿದರೆ ಮೆಟ್ಟಿಲ ಮೇಲೆ ಕೇರಂ. ಚಿಕ್ಕಪ್ಪ ಇಲ್ಲದಾಗ ಕಂಪ್ಯೂಟರ್ ಮುಟ್ಟಕೂಡದು ಎಂದು ನನಗೆ ಕಟ್ಟಪ್ಪಣೆಯಾಗಿತ್ತು. ಅಮ್ಮ ಹಳೆಯ ಸೀರೆಯಲ್ಲಿ ಹೊಲಿದ ಮುಸುಕಿನ ಕೆಳಗೆ ಅದು ಕೂತಿರುವುದನ್ನು ನೋಡಿದಾಗೆಲ್ಲ ನನ್ನ ಬೆರಳು ತುರಿಸುತ್ತಿತ್ತು.

ಮ್ಯಾನೇಜರಿಗೆ ತೋರಿಸುವ ಸೋಮವಾರಕ್ಕೆ ಮೂರೇ ದಿನ ಉಳಿದಿದ್ದ ಶುಕ್ರವಾರ ಮಧ್ಯಾಹ್ನ ಅಮ್ಮ ದೇವಸ್ಥಾನಕ್ಕೆ ಹೋಗಿದ್ದಳು. ಅಜ್ಜಿ ಅಡಿಗೆಮನೆಯ ಹೊಸಿಲಿಗೆ ತಲೆಕೊಟ್ಟು ಮಲಗಿದ್ದಳು. ನೀಲೇಶ ಒಂದು ಕೈಯಲ್ಲಿ ಬಟಾಟೆ ವಡೆಯ ಪೊಟ್ಟಣ, ಇನ್ನೊಂದರಲ್ಲಿ ಒಂದು ಫ್ಲಾಪಿ ಹಿಡಿದು ಬಂದ.

"ಗೇಮ್ ಹೈ. ಹೆಲಿಕಾಪ್ಟರ್‌ವಾಲಾ. ಮಾಮಾ ಕೇ ಆಫೀಸ್ ಸೇ ಲಾಯಾ." ಮಾವನ ಆಫೀಸಿನಿಂದ ತಂದ ಆಟವಂತೆ.

"ಬೇಡ ಕಣೋ, ವೈರಸ್ ಬರತ್ತೆ."

"ಅರೇ ಯಾರ್, ಕುಛ್ ನಹೀ ಹೋತಾ. ಪೂರಾ ಆಫೀಸ್ ಖೇಲ್ತಾ ಹೈ." ಇಡೀ ಆಫೀಸೇ ಆಡುತ್ತದೆ, ಏನೂ ಆಗುವುದಿಲ್ಲ ಎಂದು ಅವನ ಭರವಸೆ.

ಬಿಸಿ ವಡೆ ತಿಂದು, ಕೈಯನ್ನು ಚಡ್ಡಿಗೆ ಒರೆಸಿಕೊಂಡು, ಮುಸುಕು ತೆಗೆದೆ. ಅವನ ಫ್ಲಾಪಿಯನ್ನು ಮೇಲಿನ ಬಾಯಿಗೆ ಹಾಕಿ ಯಂತ್ರ ಶುರುಮಾಡಿದೆವು. ಕೆಳಗಿನ ಬಾಯಿಯಲ್ಲಿ ಕೂಸು ಹಾಗೇ ಇತ್ತು, ತೆಗೆಯುವುದು ಹೊಳೆಯಲಿಲ್ಲ. ಆ ಪುಟ್ಟ ಹಸಿರು ಹೆಲಿಕಾಪ್ಟರನ್ನು ಹಾರಿಸಿದ ಸುಖವನ್ನು ಸುಳ್ಳು ಹೇಳಿ ಮರೆಮಾಚಲಾರೆ. ಮುಕ್ಕಾಲು ಗಂಟೆ ನಾನು ಗಣಿತದ ಪೇಪರನ್ನೇ ಮರೆತಿದ್ದೆ. ಆಮೇಲೆ ಪರದೆಯ ಒಂದು ಮೂಲೆಯಿಂದ ಸಣ್ಣ ಚುಕ್ಕೆಯೊಂದು ಹೊರಟಿತು. ಗೋಡೆಗೆ ಎಸೆದ ರಬ್ಬರ್ ಚೆಂಡಿನ ಹಾಗೆ ಅತ್ತ ಬಡಿದು ಇತ್ತ ಬಡಿದು ಪುಟಿಯತೊಡಗಿತು.

"ಯೇ ಗೇಮ್ ಮೇ ನಹೀ ಥಾ," ಇದು ಆಟದಲ್ಲಿ ಇರಲೇ ಇಲ್ಲ ಎಂದ ನೀಲೇಶ. ಫ್ಲಾಪಿ ಎಳೆದುಕೊಂಡು ಕೆಳಗೆ ಓಡಿಯೇಹೋದ.

ಯಂತ್ರ ಆರಿಸಿ, ಚಿಕ್ಕಪ್ಪನ ಫ್ಲಾಪಿಯಿಂದ ಮತ್ತೆ ಶುರುಮಾಡಿ ಕೂಸನ್ನು ತೆರೆದೆ. ಚುಕ್ಕೆ ಇರಲಿಲ್ಲ, ರಜೆಯ ಪಟ್ಟಿಯೂ ಇರಲಿಲ್ಲ. ಇನ್ನೂರು ಹೆಸರಿನ ಜಾಗದಲ್ಲಿ ಇಸ್ಪೀಟಿನ ಗುರುತುಗಳು, ನಗುವ ಮುಖಗಳು, ಅರ್ಥವಿಲ್ಲದ ಗೆರೆಗಳು.

ಅಲ್ಲಿಗೇ ನಿಲ್ಲಿಸಿ ಸಂಜೆ ಚಿಕ್ಕಪ್ಪನಿಗೆ ಹೇಳಿದ್ದರೆ ಎರಡು ಏಟು ತಿಂದು ಮುಗಿಯುತ್ತಿತ್ತು. ತಾಯಿ ಸುರಕ್ಷಿತವಾಗಿತ್ತಲ್ಲ! ಆದರೆ ನನಗೆ ಯಾರಿಗೂ ಗೊತ್ತಾಗದ ಹಾಗೆ ಸರಿಮಾಡುವ ಆಸೆ. ತಾಯಿಯಿಂದ ಕೂಸಿಗೆ ಪ್ರತಿ ಮಾಡುವುದನ್ನು ಚಿಕ್ಕಪ್ಪನ ಬೆನ್ನಹಿಂದೆ ನಿಂತು ಎರಡು ಸಲ ನೋಡಿದ್ದೆ. ಮಲಗಿದ್ದ ಅಜ್ಜಿಯನ್ನು ದಾಟಿ, ಜಾಡಿಯ ಬಟ್ಟೆ ಬಿಚ್ಚಿ, ತಾಯಿಯನ್ನು ತಂದೆ. ಎರಡನ್ನೂ ಎರಡು ಬಾಯಿಗೆ ಹಾಕಿ ಆಜ್ಞೆ ಕೊಟ್ಟೆ. ಬರೆಯಲು ಆಗುವುದಿಲ್ಲ, ತಡೆಚೀಟಿ ಇದೆ ಎಂದು ಯಂತ್ರ ಇಂಗ್ಲಿಷಿನಲ್ಲಿ ಹೇಳಿತು. ಮತ್ತೆ ಕೊಟ್ಟೆ, ಮತ್ತೆ ಅದೇ ಹೇಳಿತು. ಮೂರನೆಯ ಸಲವೂ ಹೇಳಿತು.

ನಾನು ಫ್ಲಾಪಿಗಳನ್ನು ಅದಲುಬದಲಾಗಿ ಹಾಕಿದ್ದೆ. ಕೆಟ್ಟದ್ದನ್ನು ಒಳ್ಳೆಯದರ ಮೇಲೆ ಬರೆ ಎಂದು ಹೇಳುತ್ತಿದ್ದೆ. ಪಾಪ, ಯಂತ್ರ ನನ್ನ ಕೈ ಹಿಡಿದು ತಡೆಯುತ್ತಿತ್ತು. ನನಗೆ ಕಂಡದ್ದು ಅಡ್ಡವಾಗಿದ್ದ ಚೀಟಿಯೊಂದೇ. ಉಗುರಿನಿಂದ ಅದನ್ನು ಎಬ್ಬಿಸಿ ಕಿತ್ತೆ. ಕರಕರ ಎಂದು ಸದ್ದು ಮಾಡುತ್ತಾ ಯಂತ್ರ ಹೇಳಿದ ಹಾಗೆ ಕೇಳಿತು. ತೆರೆದು ನೋಡಿದರೆ ಎರಡರಲ್ಲೂ ಇಸ್ಪೀಟು, ಎರಡರಲ್ಲೂ ನಗುವ ಮುಖ.

ಚೀಟಿಯನ್ನು ಅನ್ನದ ಅಗುಳಿನಿಂದ ಮತ್ತೆ ಅಂಟಿಸಿದೆ. ತಾಯಿಯನ್ನು ಜಾಡಿಗೆ ಇಳಿಸಿ, ಅಜ್ಜಿಯ ಗಂಟಿನಂತೆಯೇ ಗಂಟು ಹಾಕಿದೆ. ಆ ರಾತ್ರಿಯೂ ಶನಿವಾರವೂ ಚಿಕ್ಕಪ್ಪ ಕೆಲಸ ಮುಗಿಸಿ ದಣಿದು ಬಂದು ಯಂತ್ರ ಮುಟ್ಟದೆ ಮಲಗಿದ. ಒಂದಿಡೀ ದಿನ ಹೇಳಲು ಸಮಯವಿತ್ತು. ನಾನು ಕೇರಂ ಆಡಿದೆ.

ಭಾನುವಾರ ಬೆಳಿಗ್ಗೆ ಕುಲಕರ್ಣಿ ಮಾಮ ಬಂದರು. ಧಾರವಾಡದ ಕಡೆಯವರು, ಚಿಕ್ಕಪ್ಪನ ಜೊತೆ ಕ್ಲಾಸಿಗೆ ಹೋಗುತ್ತಿದ್ದವರು, ನಕ್ಕರೆ ಬಿಲ್ಡಿಂಗಿಗೆಲ್ಲ ಕೇಳುತ್ತಿತ್ತು. ಸೋಮವಾರದ ಪರೀಕ್ಷೆಗೆ ಮೊದಲು ಅವರ ಮುಂದೆ ಒಂದು ತಾಲೀಮು ಆಗಲಿ ಎಂದು ಚಿಕ್ಕಪ್ಪ ಕರೆದಿದ್ದ. ಅಮ್ಮ ಬಿಸಿಬೇಳೆಬಾತಿಗೆ ಇಟ್ಟಿದ್ದಳು.

ಚಿಕ್ಕಪ್ಪ ಕೂಸನ್ನು ತೆರೆದ. ಇಸ್ಪೀಟು. "ಇರಲಿ, ತಾಯಿ ಇದಾಳಲ್ಲ," ಎಂದು ನಗುತ್ತಲೇ ಎದ್ದ. ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡು, ಬಟ್ಟೆ ಬಿಚ್ಚಿ, ತಾಯಿಯನ್ನು ತೆಗೆದುಕೊಟ್ಟಳು. ಅದೂ ಇಸ್ಪೀಟು. ಚಿಕ್ಕಪ್ಪನ ಮುಖದಿಂದ ನಗು ಹೋಗುವುದನ್ನು ನಾನು ನೋಡಿದೆ. ಅವನು ಕುರ್ಚಿಯಲ್ಲಿ ಕೂತೇಬಿಟ್ಟ.

ಕುಲಕರ್ಣಿ ಮಾಮ ಫ್ಲಾಪಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಇಲ್ಲಿ ನೋಡೋ, ಎಣ್ಣಿ ಕಲೆ! ಎಲ್ಲಿಟ್ಟಿದ್ದೀ ಇದನ್ನ?"

"ಜಾಡೀಲಿ."

"ಯಾವ ಜಾಡಿ?"

"ಉಪ್ಪಿನಕಾಯಿದು. ಖಾಲಿದು."

ಮಾಮ ಜಾಡಿಗೆ ಮೂಗು ಇಟ್ಟರು. ಎಷ್ಟು ತೊಳೆದರೂ ಇಂಗಿನ ವಾಸನೆ ಹೋಗುವಂಥದ್ದಲ್ಲ. "ಅಯ್ಯೋ ನಾಗರಾಜಾ! ಫ್ಲಾಪಿ ಇಡಾಕ ನಿನಗ ಬ್ಯಾರೆ ಜಾಗಾನ ಸಿಗಲಿಲ್ಲೇನೋ? ಹಿಂಗ ಬಿಟ್ರ ನಾಳೆ ನಿಮ್ಮ ಮ್ಯಾನೇಜರ್‌ಗೂ ಒಂದು ಹೋಳು ಬಡಿಸ್ತಿದ್ದಿ ನೋಡು!"

ಅಮ್ಮನಿಗೆ ನಗು ತಡೆಯಲಿಲ್ಲ. ಅಪ್ಪ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು. ಚಿಕ್ಕಪ್ಪ ಮಾತ್ರ ನನ್ನ ಕಡೆ ತಿರುಗಿದ. "ಪುಟ್ಟು, ನೀನೇನಾದ್ರೂ ಮುಟ್ಟಿದ್ಯೇನೋ?"

"ಇಲ್ಲ," ಎಂದೆ.

"ಅವನು ನನ್ನ ಜಾಡಿ ಮುಟ್ಟಲ್ಲ ಕಣೋ ನಾಗು," ಎಂದಳು ಅಜ್ಜಿ. "ಮಗುವಾಗಿದ್ದಾಗಿಂದ ನೋಡಿದೀನಿ." ಫ್ಲಾಪಿಯನ್ನು ಕೈಗೆ ತೆಗೆದುಕೊಂಡು, ಆ ಕಲೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜಿದಳು. ನನ್ನ ವಡೆಯ ಎಣ್ಣೆ ಅದು. "ಬಿಸಿಲಿಗೆ ಮೂರು ದಿನ ಇಟ್ಟಿದ್ದೆ. ಸಾಲಲಿಲ್ಲ ಅಂತ ಕಾಣತ್ತೆ," ಎಂದಳು.

ಮುಂದಿನದೆಲ್ಲ ಹಬ್ಬದ ಗದ್ದಲ. ಚಿಕ್ಕಪ್ಪ ಬರೆದಿಟ್ಟುಕೊಂಡಿದ್ದ ನೋಟ್‌ಬುಕ್ ಇತ್ತು, ಹೆಸರುಗಳ ಕಾಗದವಿತ್ತು. ಮಾಮ ತಮ್ಮ ಚೀಲದಿಂದ ಹೊಸ ಫ್ಲಾಪಿ ತೆಗೆದು, "ಏಳೋ ಏಳು, ಸಂಜೀತನಾ ಟೈಮ್ ಐತಿ," ಎಂದು ಚಿಕ್ಕಪ್ಪನನ್ನು ಎಬ್ಬಿಸಿದರು. ಅಪ್ಪ ಕನ್ನಡಕ ಏರಿಸಿ ಒಂದೊಂದೇ ಹೆಸರು ಓದಿದರು, ಚಿಕ್ಕಪ್ಪ ಹನ್ನೆರಡು ವರ್ಷದ ಟೈಪಿಸ್ಟ್ ಬೆರಳುಗಳನ್ನು ಓಡಿಸಿದ.

"ಡಿಸೋಜಾ, ಜ್ವರ, ನಾಲ್ಕು ದಿನ."

"ಮ್ಯಾಚ್ ಇತ್ತು ಆಗ," ಎಂದ ಚಿಕ್ಕಪ್ಪ, ಒತ್ತುತ್ತಲೇ.

"ಶಿಂದೆ, ಅಜ್ಜಿ ತೀರಿಕೊಂಡರು, ಮೂರು ದಿನ. ಮತ್ತೆ ಶಿಂದೆ, ಅಜ್ಜಿ ತೀರಿಕೊಂಡರು, ಮೂರು ದಿನ."

"ಎಷ್ಟು ಅಜ್ಜೀರಪ್ಪ ಆ ಶಿಂದೆಗೆ!" ಎಂದು ಅಡಿಗೆಮನೆಯಿಂದ ಅಮ್ಮ ಕೂಗಿದಳು.

ಬಿಸಿಬೇಳೆಬಾತಿನ ತಟ್ಟೆಗಳು ಕೈಯಿಂದ ಕೈಗೆ ಹೋದವು. ಮೂರು ಸಲ ಕಾಫಿಯಾಯಿತು. ನಾನು ಓದಿ ಮುಗಿಸಿದ ಹೆಸರುಗಳಿಗೆ ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದೆ, ಅಪ್ಪ ಭುಜ ತಟ್ಟಿದರು. ದೀಪ ಹಚ್ಚುವ ಹೊತ್ತಿಗೆ ಇನ್ನೂರನೆಯ ಹೆಸರೂ ಮುಗಿಯಿತು. ಅಷ್ಟೂ ಹೊತ್ತು ಅಜ್ಜಿ ಅಡಿಗೆಮನೆಯ ಹೊಸಿಲಲ್ಲಿ ಕೂತಿದ್ದಳು. ಆ ದಿನ ಊಟಕ್ಕೆ ಅವಳು ಉಪ್ಪಿನಕಾಯಿ ಬಡಿಸಲಿಲ್ಲ. ಯಾರೂ ಕೇಳಲೂ ಇಲ್ಲ.

ಸೋಮವಾರ ಚಿಕ್ಕಪ್ಪ ಪೇಡೆಯ ಡಬ್ಬಿ ಹಿಡಿದು ಬಂದ. ಮ್ಯಾನೇಜರ್ ಮೊದಲು ಒತ್ತಿಸಿದ್ದೇ ಶಿಂದೆಯ ಹೆಸರಂತೆ. ಎರಡು ಅಜ್ಜಿಯರನ್ನು ಒಟ್ಟಿಗೆ ನೋಡಿ ಬಿದ್ದು ಬಿದ್ದು ನಕ್ಕರಂತೆ. ಚಿಕ್ಕಪ್ಪನಿಗೆ ಕಂಪ್ಯೂಟರ್ ವಿಭಾಗ ಸಿಕ್ಕಿತು. ಎಲ್ಲ ಸುಖವಾಯಿತು. ಕೆಲವೇ ದಿನಕ್ಕೆ ಗಣಿತದಲ್ಲಿ ನಾನು ಫೇಲಾದದ್ದು ಕೂಡ ಆ ಖುಷಿಯಲ್ಲಿ ಅರ್ಧ ಮುಚ್ಚಿಹೋಯಿತು.

ಅಲ್ಲಿಂದ ಅದು ತಮಾಷೆಯ ಕಥೆಯಾಯಿತು. ಕುಲಕರ್ಣಿ ಮಾಮ ಪ್ರತಿ ದೀಪಾವಳಿಗೆ ಬಂದು, "ಅಜ್ಜೀ, ಈ ಸಲ ಎಷ್ಟು ಫ್ಲಾಪಿ ಹಾಕೀರಿ ಉಪ್ಪಿಗೆ?" ಎಂದು ಕೇಳುವರು. ಅಜ್ಜಿ ಸೆರಗು ಬಾಯಿಗೆ ಹಿಡಿದು ನಗುವಳು. ನಾನು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದೆ.

ಮರುವರ್ಷ ಮೇ ತಿಂಗಳಲ್ಲಿ ಮಾವಿನಕಾಯಿ ಬಂತು. ಹೋಳು ಪಂಚೆಯ ಮೇಲೆ ಆರಿತು, ಸಾಸಿವೆ ಪುಡಿಯಾಯಿತು, ಎಣ್ಣೆ ಕಾದು ತಣ್ಣಗಾಯಿತು. ಕಲಸುವ ಹೊತ್ತಿಗೆ ಅಜ್ಜಿ ಮಣೆಯಿಂದ ಎದ್ದು ಪಕ್ಕಕ್ಕೆ ಸರಿದಳು.

"ನೀನೇ ಕಲಸಮ್ಮ," ಎಂದಳು ಅಮ್ಮನಿಗೆ. "ನನ್ನ ಕೈ ಈಗ ನಂಬೋ ಹಾಗಿಲ್ಲ. ನಾಗೂದೇ ಹಾಳು ಮಾಡಿಬಿಟ್ಟಿದ್ದೆ."

ಅಮ್ಮ ತಮಾಷೆ ಎಂದುಕೊಂಡು ನಕ್ಕಳು. ಉಪ್ಪಿನ ತಟ್ಟೆ ಹಿಡಿದು ನಿಂತಿದ್ದವನು ನಾನು. ತಮಾಷೆಯಲ್ಲ ಎಂದು ನನಗೆ ಗೊತ್ತಿತ್ತು. ಬಾಯಿ ಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಉಪ್ಪಿನ ತಟ್ಟೆಯನ್ನು ಅಮ್ಮನ ಕೈಗೆ ಕೊಟ್ಟೆ. ಅಜ್ಜಿ ಇನ್ನೂ ಆರು ವರ್ಷ ಇದ್ದಳು. ಪ್ರತಿ ಬೇಸಿಗೆಯಲ್ಲೂ ದೂರ ಕೂತು ಖಾರ ಎಷ್ಟು, ಎಣ್ಣೆ ಎಷ್ಟು ಎಂದು ಹೇಳುತ್ತಿದ್ದಳು. ಮುಟ್ಟಲಿಲ್ಲ.

ಚಿಕ್ಕಪ್ಪ ಈಗ ಡೊಂಬಿವಲಿಯಲ್ಲಿದ್ದಾನೆ, ಎಪ್ಪತ್ತು ದಾಟಿದೆ. ಹೋದ ತಿಂಗಳು ಹೋಗಿ ಎಲ್ಲ ಹೇಳಿಬಿಟ್ಟೆ. ಕೆಮ್ಮು ಬರುವವರೆಗೆ ನಕ್ಕ. "ಕಳ್ಳ! ಬಟಾಟೆ ವಡೇನಾ!" ಎಂದ. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡ. "ನನಗ್ಯಾಕೋ ಹೇಳ್ತೀಯ ಪುಟ್ಟು? ನನಗೇನೂ ಆಗ್ಲಿಲ್ವಲ್ಲ. ಅಮ್ಮಂಗೆ ಹೇಳಬೇಕಿತ್ತು."

ಈಗ ನಾನೂ ಅಜ್ಜನಾಗಿದ್ದೇನೆ. ಮೊಮ್ಮಗಳು ಹಿಡಿದು ಆಡುವ ಫೋನು ತನ್ನನ್ನು ತಾನೇ ಕಾಯ್ದುಕೊಳ್ಳುತ್ತದೆ. ವೈರಸ್ ಬಂದರೆ ಅದೇ ಹಿಡಿಯುತ್ತದೆ, ಕಳೆದರೆ ಇನ್ನೆಲ್ಲಿಂದಲೋ ಮರಳಿ ತರುತ್ತದೆ. ಭಾನುವಾರದ ದಿನ ಮನೆಮಂದಿಯೆಲ್ಲ ಕೂತು ಹೆಸರು ಓದಿ, ನಕ್ಕು, ಮತ್ತೆ ಕಟ್ಟುವ ಅಗತ್ಯ ಯಾರಿಗೂ ಬೀಳುವುದಿಲ್ಲ. ಬಿರುಕು ಬಿಟ್ಟ ಜಾಡಿ ನನ್ನ ಹತ್ತಿರವೇ ಇದೆ. "ಅಜ್ಜಾ, ಇಸ್ ಮೇ ಕ್ಯಾ ರಖತೇ ಥೇ?" ಇದರಲ್ಲಿ ಏನಿಡುತ್ತಿದ್ದಿರಿ ಎಂದು ಅವಳು ಕೇಳಿದಾಗ, ಅವಳಿಗೂ ಈ ಕಥೆಯನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳು ಮೊದಲು ನಕ್ಕಳು. ಆಮೇಲೆ ತಡೆತಡೆದು ಕನ್ನಡದಲ್ಲೇ ಕೇಳಿದಳು, "ಆಮೇಲೆ ಆ ಅಜ್ಜಿ ಒಂದು ಸಲಾನೂ ಮಾಡಿಲ್ವಾ?"

ಇಲ್ಲ. ಅವಳ ಕೈಯದು ಕೊನೆಯದಾಗಿ ಉಳಿದದ್ದು ಆ ವರ್ಷದ್ದೇ, ಫ್ಲಾಪಿಯ ಪಕ್ಕದಲ್ಲಿ ಕೂತಿದ್ದ ಜಾಡಿಯದು. ಅದನ್ನು ಮಳೆಗಾಲವಿಡೀ ತಿಂದೆವು, ಚಳಿಗಾಲದಲ್ಲೂ ತಿಂದೆವು. ಅದಕ್ಕೆ ಒಂದು ಚುಕ್ಕೆ ಬೂಸ್ಟು ಬಂದಿರಲಿಲ್ಲ. ಅವಳ ಕೈ ಸರಿಯಾಗಿಯೇ ಇತ್ತು ಎನ್ನುವುದಕ್ಕೆ ಸಾಕ್ಷಿ ದಿನಾ ನಮ್ಮ ತಟ್ಟೆಯಲ್ಲೇ ಇತ್ತು. ನೋಡಿದವನು ನಾನೊಬ್ಬ. ಫೆಬ್ರವರಿಯ ಒಂದು ಮಧ್ಯಾಹ್ನ ಜಾಡಿ ಬಳಿದು, ಉಳಿದಿದ್ದ ಒಂದೇ ಹೋಳನ್ನು ಅಜ್ಜಿ ನನ್ನ ಮೊಸರನ್ನದ ಮೇಲೆ ಹಾಕಿದಳು. "ಕೊನೇದು. ನೀನೇ ತಿನ್ನು," ಎಂದಳು.

ತಿಂದೆ.